ನೂರರಲ್ಲಿ 40: ಒಂದು ಮೆದುಳು ಗೆಡ್ಡೆಯ ಪ್ರಕರಣ

ಬಯಾಪ್ಸಿ ವರದಿಯ ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲಿತ್ತು. ಗೆಡ್ಡೆಯ ತುಂಡಿನಲ್ಲಿ ಎಣಿಸಿದ ಪ್ರತಿ ನೂರು ಕೋಶಗಳಲ್ಲಿ ಸುಮಾರು 40 ರೋಗನಿರೋಧಕ ಕೋಶಗಳು. ಮಗ ಆ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದುಕೊಂಡು ಬಂದಿದ್ದ. ಉಳಿದ ಪುಟಗಳಲ್ಲಿ ಒಂದು ಗುರುತೂ ಇರಲಿಲ್ಲ.

"ಡಾಕ್ಟ್ರೇ, ಇದೊಂದು ಒಳ್ಳೇದು ಅಲ್ವಾ? ಅಮ್ಮನ ಮೈ ಒಳಗಿಂದಲೇ ಹೋರಾಡ್ತಾ ಇದೆ ಅಂತ ತಾನೇ?"

ಇಡೀ ವರದಿಯಲ್ಲಿ ಅವನಿಗೆ ಆಸೆ ಹುಟ್ಟಿಸಿದ್ದು ಅದೊಂದೇ ಸಾಲು. ಡಾಕ್ಟರಿಗೂ ಅದು ಗೊತ್ತಾಯಿತು. ಹೌದು ಅಂದರೆ ಸುಳ್ಳಾಗುತ್ತದೆ. ಇಲ್ಲ ಅಂದರೂ ಪೂರ್ತಿ ನಿಜವಲ್ಲ.

ಮೊದಲೇ ಹೇಳಿಬಿಡುತ್ತೇನೆ. ಇದು ಯಾರೋ ಒಬ್ಬರ ಫೈಲಿನಿಂದ ಎತ್ತಿಕೊಂಡ ಕಥೆಯಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಹಿಡಿಯುವ ದಾರಿಯನ್ನು ನೋಡಿಕೊಂಡು ನಾನೇ ಕಟ್ಟಿದ ಪ್ರಕರಣ. ತಾಯಿ, ಮಗ, ಡಾಕ್ಟರು, ಅವರ ಲ್ಯಾಬ್ ಅಂಕಿಗಳು ಎಲ್ಲ ಕಲ್ಪನೆ. ಆದರೆ ಸಂಶೋಧನೆಯ ಮಾತು ಬಂದಲ್ಲಿ ಇರುವ ವರ್ಷ, ಅಂಕಿ, ಫಲಿತಾಂಶಗಳು ನಿಜವಾದವು. ಕೊನೆಯನ್ನೂ ಈಗಲೇ ಹೇಳುತ್ತೇನೆ, ಅದನ್ನು ಬಚ್ಚಿಟ್ಟು ಕುತೂಹಲ ಹುಟ್ಟಿಸುವುದು ನನಗೆ ಇಷ್ಟವಿಲ್ಲ. ಆಪರೇಷನ್ ಆದ 14ನೇ ತಿಂಗಳಲ್ಲಿ ಆಕೆ ತೀರಿಕೊಂಡರು.

ಕಾಯಿಲೆ ಕಾಣಿಸಿಕೊಂಡದ್ದು

ವಯಸ್ಸು 56. ಬೆಳಗ್ಗೆ ಏಳುವಾಗ ತಲೆನೋವು, ಹೊತ್ತೇರಿದ ಹಾಗೆ ಕಡಿಮೆ. ನಿದ್ದೆ ಸಾಲದೇನೋ ಅಂದುಕೊಂಡು ಎರಡು ವಾರ ತಳ್ಳಿದರು. ಆಮೇಲೆ ಮಾತು ತಡವರಿಸತೊಡಗಿತು. ಕೀಲಿಕೈ ಎದುರಿಗಿದ್ದರೂ ಹೆಸರು ಬಾರದೆ "ಅದು... ಬಾಗಿಲಿಂದು" ಅನ್ನುತ್ತಿದ್ದರು. ಮೂರನೇ ವಾರ ಫಿಟ್ಸ್ ಬಂತು.

ಎಂಆರ್‌ಐನಲ್ಲಿ ಎಡ ಟೆಂಪೊರಲ್ ಲೋಬ್‌ನಲ್ಲಿ, ಅಂದರೆ ಎಡ ಕಿವಿಯ ಒಳಬದಿಗೆ ಬರುವ ಮೆದುಳಿನ ಭಾಗದಲ್ಲಿ, ಸುಮಾರು 4 ಸೆಂ.ಮೀ. ಅಗಲದ ಗೆಡ್ಡೆ. ಅಂಚು ಉಂಗುರದ ಹಾಗೆ ಬೆಳ್ಳಗೆ, ನಡುವೆ ಕಪ್ಪು. ನಡುವಿನದು ರಕ್ತ ಸಾಲದೆ ಸತ್ತ ಭಾಗ. ಗೆಡ್ಡೆಯ ಸುತ್ತ ಗೆಡ್ಡೆಗಿಂತ ದೊಡ್ಡ ಊತ.

ಅದೇ ದಿನ ಡೆಕ್ಸಾಮೆಥಾಸೋನ್ ಶುರುವಾಯಿತು, ದಿನಕ್ಕೆ 16 ಮಿ.ಗ್ರಾಂ. ಅದು ಸ್ಟಿರಾಯ್ಡ್. ಎರಡು ದಿನದಲ್ಲಿ ತಲೆನೋವು ಹೋಯಿತು, ಮಾತೂ ಬಹುಪಾಲು ವಾಪಸ್ ಬಂತು. ಅರ್ಧ ಕಾಯಿಲೆ ವಾಸಿಯಾಯಿತು ಎಂದೇ ಮನೆಯವರು ಅಂದುಕೊಂಡರು. ವಾಸಿಯಾದದ್ದು ಊತ ಅಷ್ಟೆ. ಈ ಮಾತ್ರೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಸ್ಕ್ಯಾನಿನಲ್ಲಿ ಬೆಳ್ಳಗೆ ಕಂಡ ಭಾಗವನ್ನೆಲ್ಲ ತೆಗೆದರು. ವರದಿ ಹೇಳಿದ್ದು: ಗ್ಲಿಯೊಬ್ಲಾಸ್ಟೋಮಾ, ಮೆದುಳಿನಲ್ಲೇ ಹುಟ್ಟಿ ಬೇಗ ಬೆಳೆಯುವ ಕ್ಯಾನ್ಸರ್. ಐಡಿಎಚ್ ಜೀನ್‌ನಲ್ಲಿ ಮ್ಯುಟೇಶನ್, ಅಂದರೆ ಬದಲಾವಣೆ, ಇಲ್ಲ. ಎಂಜಿಎಂಟಿ ಜೀನ್ ಮೇಲೆ ಮೀಥೈಲ್ ಮುಚ್ಚಿಗೆ ಇಲ್ಲ.

ಎಷ್ಟು ಕಾಲ ಬದುಕಬಹುದು ಎಂಬ ಅಂದಾಜಿಗೆ ಡಾಕ್ಟರುಗಳು ನೋಡುವುದು ಮುಖ್ಯವಾಗಿ ಇಂಥವನ್ನೇ. ವಯಸ್ಸು, ಓಡಾಡುವ ಶಕ್ತಿ, ಗೆಡ್ಡೆ ಎಷ್ಟು ತೆಗೆಯಲಾಯಿತು ಎಂಬುದು, ಐಡಿಎಚ್, ಎಂಜಿಎಂಟಿ. ಎಂಜಿಎಂಟಿ ಒಂದು ರಿಪೇರಿ ಪ್ರೋಟೀನ್. ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ ಗೆಡ್ಡೆಯ ಡಿಎನ್‌ಎ ಕೆಡಿಸುತ್ತದೆ, ಈ ಪ್ರೋಟೀನ್ ಅದನ್ನು ಸರಿಮಾಡಿಬಿಡುತ್ತದೆ. ಜೀನ್‌ಗೆ ಮುಚ್ಚಿಗೆ ಬಿದ್ದಿದ್ದರೆ ರಿಪೇರಿ ನಿಲ್ಲುತ್ತದೆ, ಮಾತ್ರೆ ಕೆಲಸ ಮಾಡುತ್ತದೆ. 2005ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಬರೀ ರೇಡಿಯೇಷನ್ ಪಡೆದವರ ಮಧ್ಯಾಂಕ ಆಯಸ್ಸು 12.1 ತಿಂಗಳು, ಜೊತೆಗೆ ಟೆಮೊಜೊಲೊಮೈಡ್ ಸಿಕ್ಕವರಿಗೆ 14.6 ತಿಂಗಳು. ಮಧ್ಯಾಂಕ ಅಂದರೆ ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕಿದರು, ಅರ್ಧ ಜನ ಕಡಿಮೆ. ಮಾತ್ರೆ ಪಡೆದವರಲ್ಲೇ ಎಂಜಿಎಂಟಿ ಮುಚ್ಚಿದ್ದವರಿಗೆ 21.7 ತಿಂಗಳು, ಮುಚ್ಚಿಲ್ಲದವರಿಗೆ 12.7. ಈಕೆ ಎರಡನೇ ಗುಂಪಿನವರು.

ರೋಗನಿರೋಧಕ ಕೋಶಗಳ ಎಣಿಕೆ ಆ ಪಟ್ಟಿಯಲ್ಲಿ ಇಲ್ಲ. ಸಂಶೋಧನೆಗೆಂದು ಲ್ಯಾಬ್ ಹೆಚ್ಚುವರಿಯಾಗಿ ಮಾಡಿದ ಬಣ್ಣದ ಪರೀಕ್ಷೆ ಅದು. ವರದಿಯಲ್ಲಿ ಸುಮ್ನೆ ಸೇರಿಕೊಂಡಿತ್ತು. ಆ ಸಂಖ್ಯೆಯನ್ನು ವಿವರಣೆ ಇಲ್ಲದೆ ರೋಗಿಯ ಕೈಗೆ ಕೊಟ್ಟದ್ದೇ ತಪ್ಪು ಅಂತ ನನ್ನ ಅಭಿಪ್ರಾಯ.

ಆ 40ರಲ್ಲಿ ಯಾರಿದ್ದರು?

ಗೆಡ್ಡೆಯನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಇಡುತ್ತಾರೆ. ಒಂದೊಂದು ಬಗೆಯ ಕೋಶದ ಮೇಲೂ ಒಂದೊಂದು ಗುರುತಿನ ಪ್ರೋಟೀನ್ ಇರುತ್ತದೆ. ಅದಕ್ಕೆ ಅಂಟುವ ಬಣ್ಣ ಹಾಕಿದರೆ ಆ ಕೋಶ ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಸಿಡಿ163 ಎಂಬ ಗುರುತಿಗೆ ಬಣ್ಣ ಹಾಕಿದ ಸ್ಲೈಡ್ ಇಡೀ ಕಂದಾಗಿತ್ತು. ಅವು ಮ್ಯಾಕ್ರೊಫೇಜ್‌ಗಳು, ಕೊಳೆ ಮತ್ತು ಸತ್ತ ಕೋಶ ತಿನ್ನುವ ರೋಗನಿರೋಧಕ ಕೋಶಗಳು. ಸಿಡಿ8 ಹಾಕಿದ ಸ್ಲೈಡ್ ಹೆಚ್ಚುಕಡಿಮೆ ಖಾಲಿ. ಹುಡುಕಿದರೆ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ, ಅದೂ ರಕ್ತನಾಳದ ಗೋಡೆಗೆ ಒರಗಿಕೊಂಡಂತೆ. ಸಿಡಿ8 ಅಂದರೆ ಕೊಲ್ಲುವ ಟಿ ಕೋಶಗಳು. ಮಗ ಯಾವುದನ್ನು ನೆನೆಸಿಕೊಂಡು ಗೆರೆ ಎಳೆದಿದ್ದನೋ ಆ ಕೋಶಗಳು ನೂರಕ್ಕೆ ಒಂದೂ ಇರಲಿಲ್ಲ.

ಅವನ ಲೆಕ್ಕ ಹುಚ್ಚು ಲೆಕ್ಕವೇನಲ್ಲ. ಅದಕ್ಕೊಂದು ಒಳ್ಳೆಯ ಮೂಲವೇ ಇದೆ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಗೆಡ್ಡೆಯೊಳಗೆ ಟಿ ಕೋಶಗಳು ಎಷ್ಟಿವೆ, ಎಲ್ಲಿವೆ ಅನ್ನುವುದರಿಂದ ರೋಗಿಯ ಮುಂದಿನ ದಾರಿ ತಿಳಿಯುತ್ತದೆ ಎಂದು 2006ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದ್ದರು. ಟಿ ಕೋಶ ಜಾಸ್ತಿ ಇದ್ದವರಿಗೆ ಕಾಯಿಲೆ ಮರಳುವುದು ಕಡಿಮೆ. ಮೆಲನೋಮಾದಂಥ ಚರ್ಮದ ಕ್ಯಾನ್ಸರ್‌ನಲ್ಲೂ ಇಂಥದೇ ಕಥೆ. ಹೀಗೆ "ಇಮ್ಯೂನ್ ಕೋಶ ಇದ್ದಷ್ಟೂ ಒಳ್ಳೆಯದು" ಎಂಬ ಮಾತು ಊರೆಲ್ಲ ಹರಡಿತು. ಮೆದುಳಿಗೆ ಬಂದಾಗ ಅದು ಕೈಕೊಟ್ಟಿತು. ಗ್ಲಿಯೊಬ್ಲಾಸ್ಟೋಮಾದಲ್ಲಿ ಸಿಡಿ8 ಕೋಶ ಹೆಚ್ಚಿದ್ದವರು ಸ್ವಲ್ಪ ಜಾಸ್ತಿ ಬದುಕಿದ್ದನ್ನು ಕೆಲವು ಅಧ್ಯಯನಗಳು ಕಂಡಿವೆ. ಇನ್ನು ಕೆಲವು ಯಾವ ವ್ಯತ್ಯಾಸವನ್ನೂ ಕಂಡಿಲ್ಲ. ಮ್ಯಾಕ್ರೊಫೇಜ್ ಜಾಸ್ತಿ ಇದ್ದವರ ಪಾಡು ಮಾತ್ರ ಸಾಮಾನ್ಯವಾಗಿ ಕೆಟ್ಟದ್ದೇ.

ಗ್ಲಿಯೊಬ್ಲಾಸ್ಟೋಮಾದ ತೂಕದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಈ ಕೋಶಗಳೇ ಇರಬಹುದು. ಹಾಗಾಗಿ ಈಕೆಯ 40 ವಿಶೇಷವೇನೂ ಅಲ್ಲ. ಇವುಗಳಲ್ಲಿ ಎರಡು ಮನೆತನ. ಒಂದು ಮೈಕ್ರೋಗ್ಲಿಯಾ, ಮೆದುಳಿನಲ್ಲೇ ಹುಟ್ಟಿನಿಂದ ಇರುವಂಥದು. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗ ಇವನ್ನು ಬೇರೆಯೇ ಒಂದು ಬಗೆ ಎಂದು ಗುರುತಿಸಿ ಹೆಸರಿಟ್ಟ. ಭ್ರೂಣ ಇನ್ನೂ ಚಿಕ್ಕದಿರುವಾಗ ಅದಕ್ಕೆ ಅಂಟಿಕೊಂಡ ಹಳದಿ ಚೀಲದಿಂದ (ಯೋಕ್ ಸ್ಯಾಕ್) ಹೊರಟು ಮೆದುಳು ಸೇರುವ ಕೋಶಗಳಿವು ಎಂದು 2010ರಲ್ಲಿ ಇಲಿಗಳಲ್ಲಿ ತಿಳಿಯಿತು. ಇನ್ನೊಂದು ಮನೆತನ ಹೊರಗಿನದು. ಮೂಳೆ ಮಜ್ಜೆಯಲ್ಲಿ ಹುಟ್ಟಿ, ರಕ್ತದಲ್ಲಿ ತೇಲಿ ಬಂದು, ಗೆಡ್ಡೆಯೊಳಗೆ ನುಗ್ಗಿ ಮ್ಯಾಕ್ರೊಫೇಜ್ ಆಗುವಂಥವು. ಸೂಕ್ಷ್ಮದರ್ಶಕದಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಬೇರ್ಪಡಿಸಲು ಜೀನ್ ಮಟ್ಟದ ಪರೀಕ್ಷೆ ಬೇಕು.

ಇವುಗಳನ್ನು ಸೈನಿಕರು ಅನ್ನುವ ರೂಢಿ ಇದೆ. ನನಗೆ ಆ ಹೋಲಿಕೆಯೇ ಒಗ್ಗುವುದಿಲ್ಲ. ಮಗನಿಗೆ ತಪ್ಪು ದಾರಿ ತೋರಿಸಿದ್ದೂ ಅದೇ. ಮ್ಯಾಕ್ರೊಫೇಜ್‌ನ ಕೆಲಸ ಯುದ್ಧಕ್ಕಿಂತ ಗಾಯ ಮಾಯಿಸುವುದಕ್ಕೆ ಹತ್ತಿರ. ಕೈ ಕೊಯ್ದುಕೊಂಡಾಗ ಅದು ಮೊದಲು ಬಂದು ಕೊಳೆ, ಸತ್ತ ಕೋಶ ತಿನ್ನುತ್ತದೆ. ಆಮೇಲೆ ಹೊಸ ರಕ್ತನಾಳ ಬೆಳೆಸುವ ಸಂಕೇತ ಕೊಡುತ್ತದೆ, ಸುತ್ತಲಿನ ಕೋಶಗಳಿಗೆ ಬೆಳೆಯಲು ಹೇಳುತ್ತದೆ, ರೊಚ್ಚಿಗೆದ್ದ ಟಿ ಕೋಶಗಳನ್ನು ತಣ್ಣಗಾಗಿಸುತ್ತದೆ. ಗಾಯ ಮುಚ್ಚಿದ ಮೇಲೆ ಹೊರಟುಹೋಗುತ್ತದೆ. ಗೆಡ್ಡೆಯೂ ಒಂಥರಾ ಗಾಯವೇ, ಮಾಯದ ಗಾಯ. ಅದು ಸಿಎಸ್ಎಫ್-1, ಸಿಸಿಎಲ್2 ಎಂಬ ಸಂಕೇತಗಳನ್ನು ಬಿಡುತ್ತಲೇ ಇರುತ್ತದೆ. ಮ್ಯಾಕ್ರೊಫೇಜ್‌ಗಳು ಬರುತ್ತಲೇ ಇರುತ್ತವೆ. ಬಂದು ತಮಗೆ ಗೊತ್ತಿರುವ ಮಾಯಿಸುವ ಕೆಲಸವನ್ನು ಮಾಡುತ್ತಲೇ ಇರುತ್ತವೆ. ರಕ್ತನಾಳ ಬೆಳೆಸುವ ವಿಇಜಿಎಫ್, ಟಿ ಕೋಶವನ್ನು ತಡೆಯುವ ಐಎಲ್-10 ಮತ್ತು ಟಿಜಿಎಫ್-ಬೀಟಾ, ಸುತ್ತಲಿನ ಅಂಗಾಂಶ ಕರಗಿಸಿ ಗೆಡ್ಡೆ ಹರಡಲು ದಾರಿ ಬಿಡಿಸುವ ಕಿಣ್ವ, ಎಲ್ಲ ಇವುಗಳಿಂದಲೇ ಬರುತ್ತವೆ. ಶತ್ರುವಿನ ಕಡೆ ಸೇರಿದ ದ್ರೋಹಿಗಳಲ್ಲ ಅವು. ತಪ್ಪು ವಿಳಾಸಕ್ಕೆ ಬಂದ ಮೇಸ್ತ್ರಿಗಳು.

ಇನ್ನೂ ಒಂದು ಸೂಕ್ಷ್ಮ ಇದೆ. ಗ್ಲಿಯೊಬ್ಲಾಸ್ಟೋಮಾದ ಕೋಶಗಳು ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಅದರಲ್ಲೊಂದು ಮೀಸೆಂಕೈಮಲ್ ಎಂಬ ಸ್ಥಿತಿ, ಚಿಕಿತ್ಸೆಗೆ ಬಗ್ಗದಂಥದು. ಮ್ಯಾಕ್ರೊಫೇಜ್ ಬಿಡುವ ಆಂಕೊಸ್ಟಾಟಿನ್-ಎಂ ಎಂಬ ಸಂಕೇತ ಗೆಡ್ಡೆ ಕೋಶವನ್ನು ಆ ಸ್ಥಿತಿಗೆ ತಳ್ಳಬಲ್ಲದು ಎಂದು 2021ರಲ್ಲಿ ತೋರಿಸಲಾಯಿತು. ಅಂದರೆ ಮ್ಯಾಕ್ರೊಫೇಜ್ ಕೆಟ್ಟ ಗೆಡ್ಡೆಯ ಗುರುತು ಮಾತ್ರವಲ್ಲ, ಗೆಡ್ಡೆಯನ್ನು ಕೆಡಿಸುವುದರಲ್ಲೂ ಕೈಯಾಡಿಸುತ್ತದೆ. ಗುರುತು ಬೇರೆ, ಕಾರಣ ಬೇರೆ. ಇಲ್ಲಿ ಎರಡೂ ಸ್ವಲ್ಪ ಸ್ವಲ್ಪ.

ಹಾಗಾದರೆ ಟಿ ಕೋಶಗಳು ಎಲ್ಲಿ ಹೋದವು? ಮೆದುಳಿಗೆ ರೋಗನಿರೋಧಕ ವ್ಯವಸ್ಥೆಯ ಪ್ರವೇಶವೇ ಇಲ್ಲ ಎಂದು ಬಹಳ ಕಾಲ ನಂಬಿದ್ದರು. ಅದು ಪೂರ್ತಿ ಸರಿಯಲ್ಲ. ಮೆದುಳಿನ ಹೊದಿಕೆಯಲ್ಲಿ ರೋಗನಿರೋಧಕ ಕೋಶಗಳು ಓಡಾಡುವ ದುಗ್ಧನಾಳಗಳಿವೆ (ಲಿಂಫ್ ನಾಳ) ಎಂದು 2015ರಲ್ಲಿ ಇಲಿಗಳಲ್ಲಿ ತಿಳಿಯಿತು, ದಾರಿ ಇದೆ. ಮೂರು ವರ್ಷದ ನಂತರ ಬಂದ ಒಂದು ಅಧ್ಯಯನ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಯಾವ ಚಿಕಿತ್ಸೆಯೂ ಶುರುವಾಗದ ಗ್ಲಿಯೊಬ್ಲಾಸ್ಟೋಮಾ ರೋಗಿಗಳ ರಕ್ತದಲ್ಲೇ ಟಿ ಕೋಶಗಳು ತೀರಾ ಕಡಿಮೆ ಇದ್ದವು. ಹುಡುಕಿದರೆ ಅವು ಮೂಳೆ ಮಜ್ಜೆಯಲ್ಲಿ ಸಿಕ್ಕಿಕೊಂಡಿದ್ದವು. ಮಜ್ಜೆಯಿಂದ ಹೊರಬರಲು ಟಿ ಕೋಶದ ಮೈಮೇಲೆ ಎಸ್1ಪಿ1 ಎಂಬ ಗ್ರಾಹಕ ಬೇಕು. ತಲೆಯೊಳಗೆ ಗೆಡ್ಡೆ ಇದ್ದಾಗ ಆ ಗ್ರಾಹಕ ಒಳಕ್ಕೆ ಸೇರಿಹೋಗುತ್ತದೆ. ಗೆಡ್ಡೆ ತಲೆಯಲ್ಲಿ, ಟಿ ಕೋಶಗಳ ಬಂಧನ ಸೊಂಟದ ಮೂಳೆಯಲ್ಲಿ! ತಪ್ಪಿಸಿಕೊಂಡು ಗೆಡ್ಡೆ ತನಕ ಬಂದವೂ ಸುಸ್ತಾಗಿರುತ್ತವೆ. ಅವುಗಳ ಮೇಲೆ ಪಿಡಿ-1, ಟಿಮ್-3, ಲ್ಯಾಗ್-3 ಎಂಬ ತಡೆ ಗುಂಡಿಗಳು ಒಟ್ಟಿಗೇ ಕಾಣುತ್ತವೆ.

ಡಾಕ್ಟರು ಇಷ್ಟನ್ನೂ ಮಗನಿಗೆ ಹೇಳಲಿಲ್ಲ. ಹೇಳಿದ್ದು ಇಷ್ಟು: "ನೋಡಿ, ಈ 40 ನಿಮ್ಮ ತಾಯಿಗೆ ಸಹಾಯ ಮಾಡೋ ಕೋಶಗಳಲ್ಲ. ಬೇಕಾದವು ಇಲ್ಲಿ ಬಹಳ ಕಡಿಮೆ ಇವೆ. ಈ ಒಂದು ಸಂಖ್ಯೆ ನೋಡಿ ಒಳ್ಳೇದು ಅಂತಲೂ ಹೇಳಲ್ಲ, ಅದರಿಂದಲೇ ಕೆಟ್ಟದು ಅಂತಲೂ ಹೇಳಲ್ಲ."

ಪಕ್ಕದ ಸ್ಲೈಡ್

ಅದೇ ದಿನ ಅದೇ ಲ್ಯಾಬಿನಲ್ಲಿ ಇನ್ನೊಂದು ಸ್ಲೈಡ್ ಇತ್ತು ಅಂದುಕೊಳ್ಳೋಣ. 34 ವರ್ಷದವನ ಗೆಡ್ಡೆ. ಅಸ್ಟ್ರೊಸೈಟೋಮಾ ಎಂಬ ಇನ್ನೊಂದು ಬಗೆಯ ಮೆದುಳು ಗೆಡ್ಡೆ, ಐಡಿಎಚ್ ಮ್ಯುಟೇಶನ್ ಇದೆ. ಆ ಸ್ಲೈಡಿನಲ್ಲಿ ಮ್ಯಾಕ್ರೊಫೇಜ್ ಕಡಿಮೆ, ಟಿ ಕೋಶ ಇನ್ನೂ ಕಡಿಮೆ. ರೋಗನಿರೋಧಕ ದೃಷ್ಟಿಯಿಂದ ಮರಳುಗಾಡು. ಆದರೆ ಇವನು ಹಲವು ವರ್ಷ ಬದುಕುವ ಸಾಧ್ಯತೆ ಈಕೆಗಿಂತ ಬಹಳ ಹೆಚ್ಚು.

ಐಡಿಎಚ್ ಮ್ಯುಟೇಶನ್ ಇರುವ ಕೋಶ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ರಾಶಿಗಟ್ಟಲೆ ತಯಾರಿಸುತ್ತದೆ. ಅದು ಟಿ ಕೋಶಗಳನ್ನು ಕುಗ್ಗಿಸುತ್ತದೆ, ಅವನ್ನು ಕರೆಯುವ ಸಂಕೇತಗಳನ್ನೂ ಅಡಗಿಸುತ್ತದೆ. ಆದರೂ ಗೆಡ್ಡೆ ನಿಧಾನ, ಯಾಕೆಂದರೆ ಅದರ ಸ್ವಭಾವವೇ ಬೇರೆ. 2008ರಲ್ಲಿ ಈ ಮ್ಯುಟೇಶನ್ ಪತ್ತೆಯಾಗುವವರೆಗೆ ಇಂಥ ಕೆಲವು ಗೆಡ್ಡೆಗಳೂ ಗ್ಲಿಯೊಬ್ಲಾಸ್ಟೋಮಾ ಎಂಬ ಒಂದೇ ಬುಟ್ಟಿಯಲ್ಲಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಅವನ್ನು ಪೂರ್ತಿ ಬೇರೆ ಮಾಡಿತು.

ಇದು ಯಾಕೆ ಮುಖ್ಯ ಅಂದರೆ, ಹಳೆಯ ಅಧ್ಯಯನಗಳನ್ನು ಓದುವಾಗ ಇಲ್ಲೇ ಎಡವುತ್ತೇವೆ. ಎರಡೂ ಬಗೆಯ ಗೆಡ್ಡೆಗಳನ್ನು ಬೆರೆಸಿ ಲೆಕ್ಕ ಹಾಕಿದರೆ "ಮ್ಯಾಕ್ರೊಫೇಜ್ ಜಾಸ್ತಿ, ಆಯಸ್ಸು ಕಡಿಮೆ" ಅನ್ನುವ ಅಚ್ಚುಕಟ್ಟಾದ ಗೆರೆ ಬಂದೇ ಬರುತ್ತದೆ. ಅದರಲ್ಲಿ ಎಷ್ಟು ಪಾಲು ಮ್ಯಾಕ್ರೊಫೇಜ್‌ದು, ಎಷ್ಟು ಪಾಲು ಐಡಿಎಚ್‌ದು? ವಯಸ್ಸಿನದು ಎಷ್ಟು? ಬೇರ್ಪಡಿಸಿ ನೋಡಿದರೆ ಗೆರೆ ಸಣ್ಣದಾಗುತ್ತದೆ. ಪೂರ್ತಿ ಅಳಿಸುವುದಿಲ್ಲ, ಆದರೆ ಒಬ್ಬ ರೋಗಿಯ ಆಯಸ್ಸು ಹೇಳುವಷ್ಟು ದಪ್ಪವೂ ಉಳಿಯುವುದಿಲ್ಲ.

ಮತ್ತೆ ಆ ಮಾತ್ರೆ

ಆಪರೇಷನ್ ಹಿಂದಿನ ದಿನದ ರಕ್ತ ಪರೀಕ್ಷೆಯಲ್ಲಿ ನ್ಯೂಟ್ರೊಫಿಲ್ ಮತ್ತು ಲಿಂಫೊಸೈಟ್‌ಗಳ ಅನುಪಾತ 9 ಇತ್ತು. ಎರಡೂ ಬಿಳಿ ರಕ್ತಕಣಗಳೇ, ಟಿ ಕೋಶಗಳು ಲಿಂಫೊಸೈಟ್ ಗುಂಪಿಗೆ ಸೇರಿದವು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 1ರಿಂದ 3ರ ಆಸುಪಾಸು. ಈ ಅನುಪಾತ ಹೆಚ್ಚಿದ್ದವರು ಕಡಿಮೆ ಬದುಕುತ್ತಾರೆ ಎಂದು ಹೇಳುವ ಅಧ್ಯಯನಗಳು ಬೇಕಾದಷ್ಟಿವೆ. ಅಗ್ಗದ ಪರೀಕ್ಷೆ, ಎಲ್ಲ ಕಡೆ ಸಿಗುತ್ತದೆ. ಹಾಗಾಗಿ ಎಲ್ಲರಿಗೂ ಇಷ್ಟ.

ಆದರೆ ಆಕೆ ಆಗಲೇ ಐದು ದಿನದಿಂದ ಡೆಕ್ಸಾಮೆಥಾಸೋನ್ ಮೇಲಿದ್ದರು. ಸ್ಟಿರಾಯ್ಡ್ ನ್ಯೂಟ್ರೊಫಿಲ್ ಏರಿಸುತ್ತದೆ, ಲಿಂಫೊಸೈಟ್ ಇಳಿಸುತ್ತದೆ. ಆ 9ರಲ್ಲಿ ಕಾಯಿಲೆ ಎಷ್ಟು, ಮಾತ್ರೆ ಎಷ್ಟು? ಮಾತ್ರೆ ಶುರುವಾಗುವ ಮುಂಚಿನ ರಕ್ತದ ಲೆಕ್ಕ ಇದ್ದಿದ್ದರೆ ಏನಾದರೂ ಹೇಳಬಹುದಿತ್ತು. ಫಿಟ್ಸ್ ಬಂದ ಗಡಿಬಿಡಿಯಲ್ಲಿ ಅದನ್ನು ಯಾರೂ ಮಾಡಿರಲಿಲ್ಲ. ಇಂಥ ಸಣ್ಣ ಸಂಗತಿಗಳು ದೊಡ್ಡ ದೊಡ್ಡ ಅಧ್ಯಯನಗಳಲ್ಲೂ ತಪ್ಪಿಹೋಗುತ್ತವೆ.

ಈ ಪ್ರಕರಣದಲ್ಲಿ ನಿಜಕ್ಕೂ ಕೈಯಲ್ಲಿದ್ದ ನಿರ್ಧಾರ ಇದೊಂದೇ: ಸ್ಟಿರಾಯ್ಡ್ ಎಷ್ಟು, ಎಷ್ಟು ದಿನ. ಗೆಡ್ಡೆಯೊಳಗಿನ ಮ್ಯಾಕ್ರೊಫೇಜ್‌ಗಳನ್ನು ಹೊರಗೆ ಕಳಿಸುವ ಔಷಧ ಯಾರ ಹತ್ತಿರವೂ ಇರಲಿಲ್ಲ. ಅಳಿದುಳಿದ ಟಿ ಕೋಶಗಳನ್ನು ನಾವೇ ಕೊಲ್ಲದೆ ಇರಬಹುದಿತ್ತು, ಅಷ್ಟೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಲವು ರೋಗಿ ಗುಂಪುಗಳಲ್ಲಿ ನೋಡಿದಾಗ ಸ್ಟಿರಾಯ್ಡ್ ತೆಗೆದುಕೊಂಡವರ ಆಯಸ್ಸು ಕಡಿಮೆ ಇತ್ತು. ದೊಡ್ಡ ಗೆಡ್ಡೆ ಇದ್ದವರಿಗೇ ಸ್ಟಿರಾಯ್ಡ್ ಜಾಸ್ತಿ ಬೇಕಾಗುತ್ತದೆ, ಅದಕ್ಕೇ ಹಾಗೆ ಕಂಡಿತು ಅನ್ನಬಹುದು. ಆದರೆ ಅದೇ ತಂಡ ಇಲಿಗಳಲ್ಲೂ ಪರೀಕ್ಷಿಸಿತು. ಡೆಕ್ಸಾಮೆಥಾಸೋನ್ ಕೊಟ್ಟ ಇಲಿಗಳಲ್ಲಿ ರೇಡಿಯೇಷನ್‌ನ ಲಾಭ ಕುಗ್ಗಿತ್ತು.

ಹಾಗಂತ ತಟ್ಟನೆ ನಿಲ್ಲಿಸುವ ಹಾಗಿಲ್ಲ. ಊತ ಮರಳಿದರೆ ಪ್ರಾಣಕ್ಕೇ ಸಂಚಕಾರ. ವಾರಗಟ್ಟಲೆ ತೆಗೆದುಕೊಂಡ ಮೇಲೆ ದೇಹದ ಅಡ್ರಿನಲ್ ಗ್ರಂಥಿ ಸ್ವಂತ ಸ್ಟಿರಾಯ್ಡ್ ತಯಾರಿಸುವುದನ್ನೇ ಬಿಟ್ಟಿರುತ್ತದೆ. ಮನೆಯಲ್ಲಿ ಯಾರೂ ತಾವೇ ಕಡಿಮೆ ಮಾಡಬಾರದು. ಡಾಕ್ಟರು 16ರಿಂದ 8ಕ್ಕೆ, 4ಕ್ಕೆ, 2ಕ್ಕೆ ಮೆಲ್ಲಗೆ ಇಳಿಸಿದರು. 2ರಲ್ಲಿ ತಲೆನೋವು ಮರಳಿತು, 4ಕ್ಕೆ ಏರಿಸಿದರು. ಹತ್ತು ದಿನ ಬಿಟ್ಟು ಮತ್ತೆ 2. ರೇಡಿಯೇಷನ್ ಅರ್ಧ ಮುಗಿಯುವ ಹೊತ್ತಿಗೆ ಸೊನ್ನೆ. ಎದ್ದು ಕಾಣುವ ಕೆಲಸವಲ್ಲ ಇದು. ಈ ಪ್ರಕರಣದಲ್ಲಿ ನಾನು ಮೆಚ್ಚುವ ಕೆಲಸ ಇದೇ.

ರೇಡಿಯೇಷನ್ 30 ಬಾರಿ, ಒಟ್ಟು 60 ಗ್ರೇ (ಕಿರಣದ ಅಳತೆ), ಜೊತೆಗೆ ದಿನವೂ ಟೆಮೊಜೊಲೊಮೈಡ್. ಇವೆರಡೂ ಲಿಂಫೊಸೈಟ್‌ಗಳಿಗೆ ಹೊಡೆತವೇ. ರೇಡಿಯೇಷನ್ ನಡೆಯುವಾಗ ಮೆದುಳಿನ ಮೂಲಕ ಹಾದುಹೋಗುವ ರಕ್ತವೂ ಪ್ರತಿದಿನ ಆ ಕಿರಣ ತಿನ್ನುತ್ತದೆ, ಲಿಂಫೊಸೈಟ್‌ಗಳು ಸ್ವಲ್ಪ ಕಿರಣಕ್ಕೇ ಸಾಯುತ್ತವೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇಂಥ 96 ರೋಗಿಗಳ ರಕ್ತದ ಸಿಡಿ4 ಕೋಶಗಳನ್ನು, ಅಂದರೆ ಬೇರೆ ರೋಗನಿರೋಧಕ ಕೋಶಗಳಿಗೆ ನೆರವಾಗುವ ಟಿ ಕೋಶಗಳನ್ನು, ತಿಂಗಳು ತಿಂಗಳು ಎಣಿಸಿತು. ಎರಡು ತಿಂಗಳಲ್ಲಿ ಶೇ. 40 ಮಂದಿಯಲ್ಲಿ ಅದು ಪ್ರತಿ ಘನ ಮಿ.ಮೀ. ರಕ್ತಕ್ಕೆ 200ಕ್ಕಿಂತ ಕೆಳಗಿಳಿದಿತ್ತು. ಎಚ್‌ಐವಿಯಲ್ಲಿ ಏಡ್ಸ್ ಎಂದು ಕರೆಯುವ ಗಡಿ ಅದು. ಹಾಗೆ ಇಳಿದವರ ಮಧ್ಯಾಂಕ ಆಯಸ್ಸು 13.1 ತಿಂಗಳು, ಇಳಿಯದವರದು 19.7. ಇಳಿದವರು ಬೇಗ ಸತ್ತದ್ದು ಹೆಚ್ಚಾಗಿ ಸೋಂಕಿನಿಂದಲ್ಲ, ಗೆಡ್ಡೆ ಬೆಳೆದೇ.

ಗೆಡ್ಡೆಯೊಳಗಿನ ಎಣಿಕೆಗಿಂತ ರಕ್ತದೊಳಗಿನ ಈ ಎಣಿಕೆ ನನಗೆ ಹೆಚ್ಚು ಕೆಲಸದ್ದು ಅನ್ನಿಸುತ್ತದೆ. ಸುಲಭಕ್ಕೆ ಸಿಗುತ್ತದೆ. ಮತ್ತೆ ಮತ್ತೆ ನೋಡಬಹುದು. ಅದನ್ನು ನೋಡಿ ಏನಾದರೂ ಮಾಡಲೂಬಹುದು. ಈಕೆಯ ಸಿಡಿ4 ಎರಡನೇ ತಿಂಗಳಲ್ಲಿ 240 ಇತ್ತು. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ ತಡೆಯಲು ಕೋ-ಟ್ರೈಮಾಕ್ಸಜೋಲ್ ಕೊಟ್ಟರು. ಸೋಂಕೇನೂ ಬರಲಿಲ್ಲ.

ದೊಡ್ಡದಾಗಿ ಕಂಡ ಸ್ಕ್ಯಾನ್

ರೇಡಿಯೇಷನ್ ಮುಗಿದ ತಿಂಗಳಿಗೆ ಎಂಆರ್‌ಐ ಮಾಡಿದರೆ ಬೆಳ್ಳಗಿನ ಭಾಗ ದೊಡ್ಡದಾಗಿತ್ತು. ಮನೆಯವರು ಕುಸಿದರು. ಆದರೆ ಈ ಹೊತ್ತಿನಲ್ಲಿ ಸ್ಕ್ಯಾನ್ ಮೋಸ ಮಾಡಬಲ್ಲದು. ಸತ್ತ ಗೆಡ್ಡೆ ಕೋಶಗಳ ಸುತ್ತ ಉರಿಯೂತ ಎದ್ದು ರಕ್ತನಾಳ ಸೋರಿದರೂ ಹಾಗೇ ಕಾಣುತ್ತದೆ. ಇದಕ್ಕೆ ಸುಳ್ಳು ಬೆಳವಣಿಗೆ ಎನ್ನೋಣ. ಅದಕ್ಕೇ 2010ರ ರಾನೋ ಎಂಬ ಮಾನದಂಡಗಳು ರೇಡಿಯೇಷನ್ ಮುಗಿದ 12 ವಾರದೊಳಗೆ ಗೆಡ್ಡೆ ಬೆಳೆದಿದೆ ಎಂದು ತೀರ್ಮಾನಿಸುವ ಮುನ್ನ ಹುಷಾರು ಅನ್ನುತ್ತವೆ. ಕಿರಣ ಬಿದ್ದ ಜಾಗದ ಹೊರಗೆ ಹೊಸದು ಕಂಡರೆ ಮಾತು ಬೇರೆ.

"ಅಂದ್ರೆ ಈ ಸಲ ಇಮ್ಯೂನ್ ಕೋಶ ಬಂದಿದ್ರೆ ಒಳ್ಳೇದಾ?" ಮಗನ ಪ್ರಶ್ನೆ. ನಗಬೇಕೋ ಅಳಬೇಕೋ ಗೊತ್ತಾಗದ ಪ್ರಶ್ನೆ ಅದು, ಆದರೆ ನ್ಯಾಯವಾದದ್ದು. ಅದೇ ಕೋಶ, ಅದೇ ಊತ. ಒಂದು ವಾರ ಕೆಟ್ಟದ್ದು, ಇನ್ನೊಂದು ವಾರ ಒಳ್ಳೆಯದು.

ಕಾಯೋಣ ಅಂದರು ಡಾಕ್ಟರು. ಎಂಜಿಎಂಟಿ ಮುಚ್ಚಿರುವವರಲ್ಲಿ ಸುಳ್ಳು ಬೆಳವಣಿಗೆ ಜಾಸ್ತಿ, ಈಕೆಯದು ಮುಚ್ಚಿರಲಿಲ್ಲ. ಹಾಗಾಗಿ ಆಸೆ ಕಡಿಮೆಯೇ ಇತ್ತು. ಎಂಟು ವಾರದ ನಂತರದ ಸ್ಕ್ಯಾನಿನಲ್ಲಿ ಕಿರಣ ಬಿದ್ದ ಜಾಗದ ಹೊರಗೆ ಹೊಸ ಚುಕ್ಕೆ. ಗೆಡ್ಡೆ ಮರಳಿತ್ತು. ಆರನೇ ತಿಂಗಳಲ್ಲಿ ಎರಡನೇ ಆಪರೇಷನ್ ಆಯಿತು.

ಎರಡನೇ ಸ್ಲೈಡ್

ಈ ಸಲ ರೋಗನಿರೋಧಕ ಕೋಶ ಶೇ. 55. ಲ್ಯಾಬ್ ಈ ಬಾರಿ ಜೀನ್ ಪರೀಕ್ಷೆಯನ್ನೂ ಮಾಡಿತ್ತು. ಹೆಚ್ಚಿನವು ರಕ್ತದಿಂದ ಬಂದ ಮ್ಯಾಕ್ರೊಫೇಜ್‌ಗಳು, ಮೈಕ್ರೋಗ್ಲಿಯಾ ಕಡಿಮೆ. ಒಂದೊಂದೇ ಕೋಶವನ್ನು ಬಿಡಿಸಿ ಓದಿದ 2021ರ ಒಂದು ಅಧ್ಯಯನವೂ ಇದನ್ನೇ ಕಂಡಿತ್ತು: ಮೊದಲ ಸಲದ ಗೆಡ್ಡೆಯಲ್ಲಿ ಮೈಕ್ರೋಗ್ಲಿಯಾದ ಕೈ ಮೇಲು, ಮರಳಿದ ಗೆಡ್ಡೆಯಲ್ಲಿ ಹೊರಗಿನವರದು. ಟಿ ಕೋಶಗಳೂ ಮೊದಲಿಗಿಂತ ಸ್ವಲ್ಪ ಜಾಸ್ತಿ ಇದ್ದವು, ಪಿಡಿ-1 ಗುಂಡಿ ಹೊತ್ತುಕೊಂಡು.

ಪಿಡಿ-1 ಅಂದ ಕೂಡಲೇ ಮಗ ಇಮ್ಯುನೋಥೆರಪಿ ಕೇಳಿದ. ಆ ಗುಂಡಿಯನ್ನು ತಡೆಯುವ ಔಷಧಗಳಿವೆ. ಈ ದಾರಿ ತೋರಿಸಿದ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಮೆಲನೋಮಾದಲ್ಲಿ, ಅದು ಮೆದುಳಿಗೆ ಹರಡಿದಾಗಲೂ, ಅವು ಕೆಲಸ ಮಾಡುತ್ತವೆ. ಮೆದುಳು ಎಂಬ ಜಾಗವೇ ಅಡ್ಡಿಯಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಆದರೆ ಮರಳಿದ ಗ್ಲಿಯೊಬ್ಲಾಸ್ಟೋಮಾದ 369 ರೋಗಿಗಳಲ್ಲಿ ಪಿಡಿ-1 ತಡೆಯುವ ನಿವೊಲುಮ್ಯಾಬ್ ಔಷಧವನ್ನು ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್‌ಗೆ ಹೋಲಿಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು: ಮಧ್ಯಾಂಕ ಆಯಸ್ಸು 9.8 ತಿಂಗಳು, 10 ತಿಂಗಳು. ಏನೂ ವ್ಯತ್ಯಾಸವಿಲ್ಲ.

ಒಂದು ಸಣ್ಣ ಆಸೆ ಇತ್ತು. 2019ರಲ್ಲಿ 35 ರೋಗಿಗಳ ಪ್ರಯೋಗವೊಂದರಲ್ಲಿ ಎರಡನೇ ಆಪರೇಷನ್‌ಗೆ ಮೊದಲೇ ಪೆಂಬ್ರೊಲಿಜುಮ್ಯಾಬ್ ಎಂಬ ಅದೇ ಬಗೆಯ ಔಷಧ ಕೊಟ್ಟವರು 13.7 ತಿಂಗಳು ಬದುಕಿದರು, ಆಮೇಲೆ ಮಾತ್ರ ಕೊಟ್ಟವರು 7.5 ತಿಂಗಳು. ಗೆಡ್ಡೆ ಇನ್ನೂ ಒಳಗಿರುವಾಗಲೇ ತಡೆ ತೆಗೆದರೆ ಟಿ ಕೋಶಗಳಿಗೆ ಗುರಿ ಕಾಣುತ್ತದೆ ಎಂಬ ಯೋಚನೆ. ಆದರೆ 35 ಜನ ಅಂದರೆ 35 ಜನವೇ. ಈಕೆಯ ಆಪರೇಷನ್ ಆಗಲೇ ಮುಗಿದೂ ಹೋಗಿತ್ತು.

ಮ್ಯಾಕ್ರೊಫೇಜ್‌ಗಳನ್ನೇ ಹೊಡೆದರೆ? ಅದನ್ನೂ ಮಾಡಿ ನೋಡಿದ್ದಾರೆ. ಅವು ಬದುಕಲು ಬೇಕಾದ ಸಿಎಸ್ಎಫ್-1 ಸಂಕೇತವನ್ನು ತಡೆದಾಗ ಇಲಿಗಳಲ್ಲಿ ಗೆಡ್ಡೆ ಕರಗಿತು. ಆಮೇಲೆ ಅರ್ಧಕ್ಕಿಂತ ಹೆಚ್ಚು ಇಲಿಗಳಲ್ಲಿ ಮರಳಿತು. ಮನುಷ್ಯರಲ್ಲಿ, ಮರಳಿದ ಗ್ಲಿಯೊಬ್ಲಾಸ್ಟೋಮಾದ 37 ಮಂದಿಗೆ ಅಂಥ ಔಷಧ ಕೊಟ್ಟ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು, ಉಪಯೋಗ ಕಾಣಲಿಲ್ಲ. ಹೊಸ ಪ್ರಯೋಗವೊಂದಕ್ಕೆ ಆಕೆಯನ್ನು ಸೇರಿಸಬಹುದೇ ಎಂದು ಡಾಕ್ಟರು ವಿಚಾರಿಸಿದರು. ಅಷ್ಟರಲ್ಲಿ ಊತ ಮರಳಿ ಡೆಕ್ಸಾಮೆಥಾಸೋನ್ 8 ಮಿ.ಗ್ರಾಂಗೆ ಏರಿತ್ತು. ರೋಗನಿರೋಧಕ ಚಿಕಿತ್ಸೆಯ ಪ್ರಯೋಗಗಳು ಅಷ್ಟು ಸ್ಟಿರಾಯ್ಡ್ ಇದ್ದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ.

ಲೊಮುಸ್ಟಿನ್ ಎಂಬ ಇನ್ನೊಂದು ಕೀಮೋ ಔಷಧ ಕೊಟ್ಟರು. ಜೊತೆಗೆ ಬೆವಾಸಿಜುಮ್ಯಾಬ್. ಅದು ಆಯಸ್ಸು ಹೆಚ್ಚಿಸುತ್ತದೆ ಎಂದಲ್ಲ, ರಕ್ತನಾಳಗಳ ಸೋರಿಕೆ ನಿಲ್ಲಿಸಿ ಊತ ಇಳಿಸುತ್ತದೆ ಎಂದು. ಕೊನೆಯ ಎರಡು ತಿಂಗಳು ಬಿಟ್ಟರೆ ಮಾತು ಉಳಿದಿತ್ತು.

ಎರಡನೇ ವರದಿ ಹಿಡಿದು ಮಗ ಬಂದ ದಿನದ ಮಾತು ಒಂದು ಉಳಿದಿದೆ. 55ರ ಕೆಳಗೆ ಈ ಸಲ ಗೆರೆ ಇರಲಿಲ್ಲ.

"ಇವು ಹೆಚ್ಚಿನವು ರಕ್ತದಿಂದ ಬಂದವು ಅಂತ ಬರೆದಿದ್ದಾರೆ ಅಲ್ವಾ ಡಾಕ್ಟ್ರೇ?"

"ಹೌದು."

ಅವನು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡ. "ಸರಿ. ಅಮ್ಮಂಗೆ ಆ ಸ್ಟಿರಾಯ್ಡ್ 8ರಿಂದ 4ಕ್ಕೆ ಯಾವಾಗ ಇಳಿಸಬಹುದು ಹೇಳಿ."